ಎದೆಯ ಚಿತ್ರದಲ್ಲೊಂದು ಚುಕ್ಕೆ

ಪುಪ್ಪುಸವೆಂಬುದು ಗಾಳಿಯ ಮನೆ. ಎಕ್ಸ್‌ರೇ ಕಿರಣಗಳು ಗಾಳಿಯನ್ನು ಅಡೆತಡೆಯಿಲ್ಲದೆ ಹಾಯ್ದು ಹೋಗುವುದರಿಂದ ಎದೆಯ ಚಿತ್ರದಲ್ಲಿ ಆ ಭಾಗವೆಲ್ಲ ಕಪ್ಪಾಗಿಯೂ, ಪಕ್ಕೆಲುಬು ಹೃದಯಗಳು ಬೆಳ್ಳಗೂ ಮೂಡುತ್ತವೆ. ಆ ಕಪ್ಪಿನ ನಡುವೆ ಕೆಲವೊಮ್ಮೆ ಒಂದು ದುಂಡನೆಯ ಬಿಳಿಯ ಚುಕ್ಕೆ ಕಾಣುವುದುಂಟು. ವೈದ್ಯರು ಅದನ್ನು ನಾಡ್ಯೂಲ್ ಎನ್ನುತ್ತಾರೆ. ನಾವು ಗಂಟು ಎನ್ನೋಣ. ಅದರ ಅಡ್ಡಳತೆ ೩ ಸೆಂಟಿಮೀಟರನ್ನು ಮೀರದಿದ್ದರೆ ಮಾತ್ರ ಈ ಹೆಸರು. ಮೀರಿದರೆ ಅದು ಗಡ್ಡೆ. ನಮ್ಮ ಸೀಮೆಯ ಅಳತೆಯಲ್ಲಿ ಹೇಳುವುದಾದರೆ, ಬಿಳಿಜೋಳದ ಕಾಳಿನಷ್ಟಿರುವುದು ಸುಮಾರು ೪ ಮಿಲಿಮೀಟರು, ಮೆಕ್ಕೆಜೋಳದ ಕಾಳಿನಷ್ಟಿರುವುದು ಸುಮಾರು ೮ ಮಿಲಿಮೀಟರು. ಚನ್ನಗಿರಿಯ ಸುಲಿದ ಅಡಕೆಯಷ್ಟಾಯಿತೆಂದರೆ ಗಂಟು ತನ್ನ ಮೇಲಣ ಎಲ್ಲೆಯನ್ನು ಸಮೀಪಿಸಿತೆಂದು ತಿಳಿಯಬಹುದು.

ಹಿಂದಿನವರ ಎದೆಯಲ್ಲಿ ಇಂಥ ಗಂಟುಗಳು ಇರಲಿಲ್ಲವೆಂದಲ್ಲ, ಕಾಣುತ್ತಿರಲಿಲ್ಲ. ೧೮೯೫ರಲ್ಲಿ ರಾಂಟ್‌ಗನ್ ಎಂಬುವರು ಕಂಡುಹಿಡಿದ ಕಿರಣಗಳಿಂದ ತೆಗೆಯುವ ಸಾಮಾನ್ಯ ಎದೆಚಿತ್ರದಲ್ಲಿ ಚಿಕ್ಕ ಗಂಟುಗಳು ಪಕ್ಕೆಲುಬಿನ ಮರೆಯಲ್ಲೋ ಹೃದಯದ ಹಿಂದೆಯೋ ಅಡಗಿ ತಪ್ಪಿಸಿಕೊಳ್ಳುತ್ತವೆ. ೧೯೭೧ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರರ ಯಂತ್ರವು ಮೊದಲ ರೋಗಿಯ ಚಿತ್ರವನ್ನು ತೆಗೆಯಿತು. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ನೋಡಿದಂತೆ, ದೇಹವನ್ನು ಕೊಯ್ಯದೆಯೇ ಬಿಲ್ಲೆ ಬಿಲ್ಲೆಯಾಗಿ ತೋರಿಸುವ ಯಂತ್ರವದು. ಅದೇ ಸಿ.ಟಿ. ಸ್ಕ್ಯಾನ್. ಈಗ ಅದು ದಾವಣಗೆರೆಯಂಥ ಊರಿನಲ್ಲಿ ಅಪರೂಪದ ವಸ್ತುವಲ್ಲ. ೨೦೨೦ ಮತ್ತು ೨೦೨೧ರ ಕೊರೋನಾ ಕಾಲದಲ್ಲಂತೂ ಎಷ್ಟೋ ಜನ ಮೊದಲ ಸಲ ಆ ಯಂತ್ರದೊಳಗೆ ಮಲಗಿ ಎದ್ದರು. ಒಂದನ್ನು ಹುಡುಕಲು ಹೋದಾಗ ಇನ್ನೊಂದು ಸಿಕ್ಕಿತು: ವರದಿಯ ಕೊನೆಯಲ್ಲಿ ಒಂದು ಸಾಲು, ಬಲಪುಪ್ಪುಸದ ಮೇಲ್ಭಾಗದಲ್ಲಿ ಇಷ್ಟು ಮಿಲಿಮೀಟರಿನ ಗಂಟು.

ಗಂಟು ಎಂದೊಡನೆ ಕ್ಯಾನ್ಸರ್ ಎಂದು ಎದೆಯೊಡೆದುಕೊಳ್ಳಬೇಕಾಗಿಲ್ಲ. ಅಮೆರಿಕದಲ್ಲಿ ೨೦೦೨ರಲ್ಲಿ ಮೊದಲುಮಾಡಿ, ಬಹುಕಾಲ ಸಿಗರೇಟು ಸೇದಿದ ೫೩ ಸಾವಿರಕ್ಕೂ ಹೆಚ್ಚು ಜನರನ್ನು ಆರಿಸಿ, ಅರ್ಧ ಜನಕ್ಕೆ ಸಿ.ಟಿ.ಯನ್ನೂ ಉಳಿದರ್ಧಕ್ಕೆ ಸಾಮಾನ್ಯ ಎಕ್ಸ್‌ರೇಯನ್ನೂ ವರ್ಷಕ್ಕೊಂದರಂತೆ ಮೂರು ಸಲ ತೆಗೆದರು. ೨೦೧೧ರಲ್ಲಿ ಫಲಿತಾಂಶ ಹೊರಬಿತ್ತು. ಸಿ.ಟಿ. ಮಾಡಿಸಿದವರಲ್ಲಿ ಪುಪ್ಪುಸದ ಕ್ಯಾನ್ಸರಿನಿಂದಾದ ಸಾವು ನೂರಕ್ಕೆ ೨೦ರಷ್ಟು ಕಡಿಮೆ. ಇದು ದೊಡ್ಡ ಲಾಭ. ಆದರೆ ಅದೇ ಪರೀಕ್ಷೆಯಲ್ಲಿ ಸಂಶಯಾಸ್ಪದವೆಂದು ಎಣಿಸಿದ ಚಿತ್ರಗಳ ಪೈಕಿ ನೂರಕ್ಕೆ ೯೬ಕ್ಕೂ ಹೆಚ್ಚು, ಕೊನೆಗೆ ಕ್ಯಾನ್ಸರ್ ಅಲ್ಲವೆಂದು ತೇಲಿದುವು. ಹಳೆಯ ಸೋಂಕಿನ ಗಾಯ, ಸುಣ್ಣಗಟ್ಟಿದ ಕಲೆ, ನಿರಪಾಯದ ಮಾಂಸದ ಉಂಡೆ, ಹೀಗೆ ಏನೇನೋ. ಕಣ್ಣು ಚುರುಕಾದಷ್ಟೂ ಸಂದೇಹವೂ ಹೆಚ್ಚಿತು.

ಈಗ ಹರಿಹರದ ಕಡೆಯ ಐವತ್ತೆಂಟರ ವಯಸ್ಸಿನ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಿ. ಹರೆಯದಲ್ಲಿ ಬೀಡಿ ಸೇದಿ ಬಿಟ್ಟವನು. ಕೆಮ್ಮಿಗೆಂದು ಹೋದವನ ಚಿತ್ರದಲ್ಲಿ ೧೨ ಮಿಲಿಮೀಟರಿನ ಗಂಟು ಕಂಡಿದೆ. ಜೊತೆಗೆ ಬಂದ ಹೆಂಡತಿ ಕೇಳುತ್ತಾಳೆ: “ಡಾಕ್ಟ್ರೇ, ಹೌದೋ ಅಲ್ಲವೋ, ಒಂದು ಮಾತು ಹೇಳಿಬಿಡ್ರಿ.” ಆ ಒಂದು ಮಾತನ್ನೇ ಹೇಳಲಾಗದು. ವೈದ್ಯರ ಮುಂದೆ ಇರುವುವು ಮೂರು ದಾರಿಗಳು. ಮೂರು ತಿಂಗಳು ಕಾದು ಮತ್ತೊಮ್ಮೆ ಚಿತ್ರ ತೆಗೆಯಬಹುದು. ಕ್ಯಾನ್ಸರ್ ಆಗಿದ್ದರೆ ಆ ಮೂರು ತಿಂಗಳು ಅದರ ಪಾಲಿಗೆ. ಇಲ್ಲವೆ, ಸೂಜಿ ಹಾಕಿ ತುಣುಕನ್ನು ತೆಗೆದು ಪರೀಕ್ಷಿಸಬಹುದು ಅಥವಾ ಎದೆ ತೆರೆದು ಗಂಟನ್ನೇ ಕತ್ತರಿಸಬಹುದು. ಸೂಜಿಯಿಂದ ಗಾಳಿ ಸೋರಿ ಪುಪ್ಪುಸ ಕುಸಿಯುವ ಅಪಾಯವುಂಟು; ಕತ್ತರಿಸಿದ ಮೇಲೆ ಅದು ಹಳೆಯ ಗಾಯವೆಂದು ತಿಳಿದರೆ ಕೊಯ್ದದ್ದನ್ನು ಮತ್ತೆ ಅಂಟಿಸಲಾಗದು. ಮೂರನೆಯದು ನಮ್ಮ ದೇಶಕ್ಕೆ ವಿಶೇಷವಾದ ದಾರಿ: ಇದು ಕ್ಷಯವೇ ಇರಬೇಕೆಂದು ಬಗೆದು ಆರು ತಿಂಗಳ ಕ್ಷಯದ ಔಷಧಿ ಕೊಡುವುದು. ಎಷ್ಟೋ ಸಲ ಅದು ಕ್ಷಯವೇ ಆಗಿರುತ್ತದೆ. ಆದರೆ ಕ್ಯಾನ್ಸರ್ ರೋಗಿಗಳು ಕ್ಷಯದ ಗುಳಿಗೆ ನುಂಗುತ್ತ ತಿಂಗಳುಗಟ್ಟಲೆ ಕಳೆದು, ಕಡೆಗೆ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಸೇರುವ ಹೊತ್ತಿಗೆ ರೋಗ ಎಲ್ಲೆಡೆ ಹಬ್ಬಿರುವುದು ಎದೆರೋಗದ ವೈದ್ಯರೆಲ್ಲ ಬಲ್ಲ ದುಃಖದ ಸಂಗತಿ.

ಜಗತ್ತಿನ ಕ್ಷಯರೋಗಿಗಳ ಪೈಕಿ ಕಾಲುಪಾಲಿಗಿಂತ ಹೆಚ್ಚು ಜನ ನಮ್ಮವರು. ೨೦೨೩ರಲ್ಲಿ ಭಾರತದಲ್ಲಿ ಸುಮಾರು ೨೮ ಲಕ್ಷ ಜನರಿಗೆ ಹೊಸದಾಗಿ ಕ್ಷಯ ತಗಲಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪುಪ್ಪುಸದ ಕ್ಯಾನ್ಸರು ವರ್ಷಕ್ಕೆ ೮೦ ಸಾವಿರಕ್ಕೆ ಮೀರಿದ ಜನರನ್ನು ಹಿಡಿಯುತ್ತದೆ, ಬೀಡಿ ಸಿಗರೇಟು ಮುಟ್ಟದವರನ್ನೂ ಸೇರಿಸಿ. ಎಂದರೆ, ಚಿತ್ರದ ಚುಕ್ಕೆಯ ಹಿಂದೆ ಎರಡು ರೋಗಗಳೂ ನಿಂತಿರಬಹುದು. ಎರಡಕ್ಕೂ ಮದ್ದು ಬೇರೆ, ಗಡುವು ಬೇರೆ.

ನೆರಳನ್ನು ನಂಬಿ ನಡೆಯುವ ಈ ಕಷ್ಟ ನಮ್ಮ ನಾಡಿಗೆ ಹೊಸದಲ್ಲ. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿಯ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಕೆಮ್ಮುವ ಜನ ಏನು ಮಾಡುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ವಿಚಾರಿಸಿದರು. ಹಳ್ಳಿಯವರಿಗೆ ರೋಗದ ಅರಿವೇ ಇಲ್ಲವೆಂಬ ಪಟ್ಟಣದವರ ನಂಬಿಕೆಯನ್ನು ಬ್ಯಾನರ್ಜಿ ಮತ್ತು ಆಂಡರ್ಸನ್ ಅವರ ೧೯೬೩ರ ಅಧ್ಯಯನ ಸುಳ್ಳುಮಾಡಿತು. ಕ್ಷಯವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬೆಂಗಳೂರಿನಲ್ಲಿಯೇ ನಕ್ಷೆ ಸಿದ್ಧವಾಯಿತು. ಅದರ ಆಧಾರ ಎಕ್ಸ್‌ರೇ ಅಲ್ಲ, ಕಫದ ಪರೀಕ್ಷೆ. ಚಿತ್ರ ನೆರಳನ್ನು ತೋರಿಸೀತು. ಕಫವಾದರೋ ರೋಗಾಣುವನ್ನೇ ತಂದು ಮುಂದೆ ನಿಲ್ಲಿಸುತ್ತದೆ. ಚಿತ್ರದ ಮಾತಿಗೆ ಪ್ರಯೋಗಶಾಲೆಯ ಸಾಕ್ಷಿ ಬೇಕೆಂಬ ಈ ವಿವೇಕವನ್ನು ಕಲಿಯಲು ನಾವು ಕಡಲು ದಾಟಬೇಕಾಗಿರಲಿಲ್ಲ. ಆದರೆ ಪುಪ್ಪುಸದ ಆಳದಲ್ಲಿ ಕುಳಿತ ಮೆಕ್ಕೆಜೋಳದ ಕಾಳಿನಷ್ಟು ಗಂಟಿನಿಂದ ಕಫಕ್ಕೆ ಏನೂ ಇಳಿದು ಬಾರದು. ಅಲ್ಲಿ ಬೇರೆ ಸಾಕ್ಷಿಯನ್ನು ಹುಡುಕಬೇಕಾಯಿತು. ಆ ಹುಡುಕಾಟ ಈಗ ಎರಡು ಕಡೆಯಿಂದ ನಡೆದಿದೆ.

ಒಂದು, ಚಿತ್ರವನ್ನು ಓದುವ ಕೃತಕ ಬುದ್ಧಿಮತ್ತೆ. ಇದನ್ನು ಮಂತ್ರವೆಂದು ತಿಳಿಯುವವರೂ ಉಂಟು, ಮೋಸವೆಂದು ತಿಳಿಯುವವರೂ ಉಂಟು. ಉತ್ತರಪತ್ರಿಕೆಗಳನ್ನು ಇಪ್ಪತ್ತೈದು ವರ್ಷ ತಿದ್ದಿದ ಮೇಷ್ಟರಿಗೆ ಹೆಸರು ನೋಡದೆಯೇ ಇದು ಇಂಥವನ ಬರಹವೆಂದು ತಿಳಿಯುತ್ತದೆ. ಹೇಗೆ ತಿಳಿಯಿತೆಂದರೆ ಸೂತ್ರ ಹೇಳಲು ಬಾರದು. ಅಕ್ಷರದ ಓಟ, ಒತ್ತಿನ ಜಾಗ, ಸಾಲಿನ ಇಳಿತ, ಇವೆಲ್ಲ ಕಣ್ಣಿನಲ್ಲಿ ಕುಳಿತಿರುತ್ತವೆ. ಗಣಕಯಂತ್ರಕ್ಕೂ ಹೀಗೆಯೇ ಪಾಠ. ಮುಂದೆ ಏನಾಯಿತೆಂದು ಗೊತ್ತಿರುವ ಸಾವಿರಾರು ಚಿತ್ರಗಳನ್ನು ಅದಕ್ಕೆ ತೋರಿಸುತ್ತಾರೆ: ಇದು ಕ್ಯಾನ್ಸರ್ ಆಯಿತು, ಇದು ಆಗಲಿಲ್ಲ. ಗಂಟಿನ ಅಂಚು ನುಣುಪೋ ಮುಳ್ಳುಮುಳ್ಳೋ, ಒಳಗಿನ ಸಾಂದ್ರತೆ ಒಂದೇ ಸಮನೋ ಏರುಪೇರೋ, ಸುತ್ತಲಿನ ರಕ್ತನಾಳಗಳು ಅತ್ತ ಸೆಳೆದಿವೆಯೋ, ಎಂಬ ನೂರಾರು ಗುಣಗಳನ್ನು ಅದು ಅಂಕಿಗಳಾಗಿ ಎಣಿಸುತ್ತದೆ. ೨೦೧೯ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರೂ, ೨೦೨೩ರಲ್ಲಿ ಅಮೆರಿಕದ ಎಂ.ಐ.ಟಿ.ಯವರೂ ಇಂಥ ಯಂತ್ರಬುದ್ಧಿಯನ್ನು ಪ್ರಕಟಿಸಿದರು. ಎಂ.ಐ.ಟಿ.ಯದಕ್ಕೆ ಸಿಬಿಲ್ ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಕಣಿ ಹೇಳುವ ಹೆಂಗಸು. ಒಂದೇ ಸ್ಕ್ಯಾನ್ ನೋಡಿ ಮುಂದಿನ ಆರು ವರ್ಷಗಳ ಅಪಾಯವನ್ನು ಅಳೆಯುವ ಯಂತ್ರಕ್ಕೆ ಒಪ್ಪುವ ಹೆಸರೇ.

ಯಂತ್ರದ ಇನ್ನೊಂದು ಗುಣ ಬೇಸರವಿಲ್ಲದ ಅಳತೆ. ಹರಿಹರದಲ್ಲಿ ೧೯೪೧ರಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಬಂದ ಮೇಲೆ ಲೇತ್ ಹಿಡಿದ ಕೈಗಳಿಗೆ ಅಂಗುಲದ ಸಾವಿರದೊಂದು ಪಾಲಿನ ಬೆಲೆ ಗೊತ್ತಾಯಿತು. ಗಂಟಿನ ವಿಷಯದಲ್ಲೂ ಹಾಗೆಯೇ. ೮ ಮಿಲಿಮೀಟರಿನ ಗಂಟು ೧೦ ಆಯಿತೆಂದರೆ ಕಣ್ಣಿಗೆ ಕೂದಲೆಳೆಯಷ್ಟು ಬದಲಾವಣೆ. ಆದರೆ ಅದು ಚಕ್ರವಲ್ಲ, ಉಂಡೆ. ಉಂಡೆಯ ಅಡ್ಡಳತೆ ಕಾಲುಪಾಲು ಬೆಳೆದರೆ ಒಳಗಿನ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕ್ಯಾನ್ಸರಿನ ಗಟ್ಟಿಗಂಟು ಸಾಮಾನ್ಯವಾಗಿ ಒಂದು ತಿಂಗಳಿಂದ ೪೦೦ ದಿನಗಳೊಳಗೆ ಇಮ್ಮಡಿಸುತ್ತದೆ. ಅದಕ್ಕಿಂತ ಬೇಗ ಉಬ್ಬಿದರೆ ಸೋಂಕಿರಬಹುದು. ಎರಡು ವರ್ಷ ಕದಲದೆ ಕುಳಿತಿದ್ದರೆ ಬಹುಮಟ್ಟಿಗೆ ನಿರಪಾಯ.

ಎರಡನೆಯದು ರಕ್ತ. ದೇಹದಲ್ಲಿ ಜೀವಕೋಶಗಳು ಸಾಯುತ್ತಲೇ ಇರುತ್ತವೆ; ಅವುಗಳ ಚೂರುಗಳು ರಕ್ತಕ್ಕೆ ಸೇರುತ್ತವೆ. ಪುಪ್ಪುಸದ ಒಳಪೊರೆಯ ಕೋಶಗಳಲ್ಲಿ ಕೆರಾಟಿನ್ ಜಾತಿಯ ಒಂದು ನಾರು ಉಂಟು. ಕ್ಯಾನ್ಸರ್ ಕೋಶಗಳು ಬೆಳೆದು ಸಾಯುವಾಗ ಆ ನಾರಿನ ತುಂಡು ರಕ್ತದಲ್ಲಿ ಹೆಚ್ಚುತ್ತದೆ. ಸೈಫ್ರಾ ೨೧-೧ ಎಂಬ ಪರೀಕ್ಷೆ ಅಳೆಯುವುದು ಅದನ್ನೇ. ಇನ್ನೂ ಸೂಕ್ಷ್ಮವಾದುದು ಡಿ.ಎನ್.ಎ.ಯ ಚೂರು. ರಕ್ತದ ದ್ರವದಲ್ಲಿ ಕೋಶದಿಂದ ಹೊರಬಿದ್ದ ಡಿ.ಎನ್.ಎ. ತೇಲುತ್ತಿರುತ್ತದೆಂದು ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ೧೯೪೮ರಲ್ಲೇ ಬರೆದಿದ್ದರು. ಅದರ ಬೆಲೆ ಜಗತ್ತಿಗೆ ತಿಳಿದದ್ದು ಬಹಳ ತಡವಾಗಿ. ಕ್ಯಾನ್ಸರ್ ಕೋಶದ ಡಿ.ಎನ್.ಎ.ಯ ಮೇಲೆ ಮೀಥೈಲ್ ಎಂಬ ಗುರುತುಗಳು ಬೇರೆ ರೀತಿ ಅಂಟಿರುತ್ತವೆ, ಒಂದೇ ಪಠ್ಯದ ಮೇಲೆ ಬೇರೆ ಕೈ ಹಾಕಿದ ಚಿಹ್ನೆಗಳಂತೆ.

ರಕ್ತವೊಂದೇ ತೀರ್ಪು ಕೊಡಬಲ್ಲುದೆ? ಇಲ್ಲ. ಗಂಟು ಚಿಕ್ಕದಿದ್ದಾಗ ಅದು ಚೆಲ್ಲುವ ಚೂರೂ ಅತ್ಯಲ್ಪ. ಮೂತ್ರಪಿಂಡ ಕೆಟ್ಟವರಲ್ಲಿ ಸೈಫ್ರಾ ಏರುತ್ತದೆ, ಸಿ.ಇ.ಎ. ಎಂಬ ಇನ್ನೊಂದು ಗುರುತು ಬರಿಯ ಹೊಗೆಬತ್ತಿಯವರಲ್ಲೂ ಏರುತ್ತದೆ. ಹಾಗಾದರೆ ಎರಡು ಅರೆಸಾಕ್ಷಿಗಳನ್ನು ಕೂಡಿಸಿದರೆ ಲಾಭವೇನು?

ಇದಕ್ಕೆ ಉತ್ತರವನ್ನು ನಮ್ಮ ಗ್ರಂಥಸಂಪಾದನೆಯ ಕೆಲಸದಿಂದ ಹೇಳುತ್ತೇನೆ. ಹಳೆಯ ಕಾವ್ಯವೊಂದರ ಓಲೆಪ್ರತಿಯಲ್ಲಿ ಒಂದು ಪದ ಸಂದೇಹ. ಹುಳು ತಿಂದಿದೆಯೋ, ಲಿಪಿಕಾರ ತಪ್ಪಿದನೋ ತಿಳಿಯದು. ಇನ್ನೊಂದು ಪ್ರತಿ ತರಿಸುತ್ತೇವೆ. ಅದು ಮೊದಲಿನ ಓಲೆಯನ್ನೇ ನೋಡಿ ಬರೆದ ನಕಲಾದರೆ ಅದರಲ್ಲೂ ಅದೇ ತಪ್ಪು. ಅಂಥ ಹತ್ತು ಪ್ರತಿಗಳಿದ್ದರೂ ಅವು ಒಂದೇ ಸಾಕ್ಷಿ. ಬೇರೆ ಸೀಮೆಯ, ಬೇರೆ ಮಾತೃಕೆಯ ಪ್ರತಿಯೊಂದು ಸಿಕ್ಕಿ, ಅದೂ ಅದೇ ಪಾಠವನ್ನು ಹೇಳಿದರೆ ಸಂಪಾದಕ ನೆಮ್ಮದಿಯಿಂದ ಅಚ್ಚಿಗೆ ಕೊಡುತ್ತಾನೆ. ಒಂದೇ ಚಿತ್ರವನ್ನು ಇಬ್ಬರು ವೈದ್ಯರು ನೋಡುವುದೂ, ಒಬ್ಬ ವೈದ್ಯ ಒಂದು ಯಂತ್ರ ನೋಡುವುದೂ ಒಂದೇ ಮಾತೃಕೆಯ ಎರಡು ನಕಲುಗಳಿಗೆ ಸಮೀಪ. ರಕ್ತವಾದರೋ ಬೇರೆ ಮಾತೃಕೆ. ಚಿತ್ರ ಆಕಾರವನ್ನು ಹೇಳುತ್ತದೆ, ರಕ್ತ ಒಳಗಿನ ರಸಾಯನವನ್ನು ಹೇಳುತ್ತದೆ. ಇವೆರಡೂ ಒಂದೇ ತಪ್ಪನ್ನು ಒಟ್ಟಿಗೆ ಮಾಡುವ ಸಂಭವ ಕಡಿಮೆ.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಊಹಿಸೋಣ. ವಯಸ್ಸು, ಬೀಡಿ, ಗಾತ್ರ ನೋಡಿ ವೈದ್ಯರು ನಮ್ಮ ಹರಿಹರದ ಗೃಹಸ್ಥನಿಗೆ ನೂರಕ್ಕೆ ೩೦ ಸಂಭವವೆಂದರು. ಯಂತ್ರ ಕೆಂಪು ಬಾವುಟ ತೋರಿಸಿತು; ಆ ಬಾವುಟ ಕ್ಯಾನ್ಸರಿನ ಗಂಟುಗಳಲ್ಲಿ ಉಳಿದುವಕ್ಕಿಂತ ನಾಲ್ಕುಪಟ್ಟು ಹೆಚ್ಚಾಗಿ ಏರುವಂಥದು ಎನ್ನಿ. ಸಂಭವ ೬೩ಕ್ಕೆ ಏರುತ್ತದೆ. ರಕ್ತದ್ದೂ ಕೆಂಪಾಗಿ, ಅದು ಮೂರುಪಟ್ಟಿನದಾದರೆ ೮೪. ಬದಲಿಗೆ ಎರಡೂ ಶಾಂತವಾಗಿದ್ದು, ಆ ಶಾಂತಿಗೂ ತಕ್ಕ ತೂಕವಿದ್ದರೆ, ೩೦ ಇಳಿದು ೫ರ ಆಸುಪಾಸಿಗೆ ಬರುತ್ತದೆ. ಅಮೆರಿಕದ ಎದೆವೈದ್ಯರ ಸಂಘ ೨೦೧೩ರಲ್ಲಿ ಹಾಕಿಕೊಟ್ಟ ಗೆರೆಗಳೂ ಇಂಥವೇ: ನೂರಕ್ಕೆ ೫ಕ್ಕಿಂತ ಕಡಿಮೆಯಾದರೆ ಕಾಯುವುದು, ೬೫ಕ್ಕಿಂತ ಹೆಚ್ಚಾದರೆ ಶಸ್ತ್ರಚಿಕಿತ್ಸೆಯ ಯೋಚನೆ. ನಡುವಿನದೇ ಗೋಳು. ಕೂಡಿಸಿದ ಪರೀಕ್ಷೆಯ ಕೆಲಸವೆಲ್ಲ ಆ ನಡುವಿನ ಜನರನ್ನು ಈಚೆ ದಡಕ್ಕೋ ಆಚೆ ದಡಕ್ಕೋ ಸೇರಿಸುವುದು. ಒಂದು ಕೆಂಪು, ಒಂದು ಶಾಂತವಾದರೆ ಅವರು ನಡುಹೊಳೆಯಲ್ಲೇ ಉಳಿಯುತ್ತಾರೆ. ಆಗ ಸೂಜಿಯೇ ಗತಿ.

೨೦೨೧ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಹೀಗೆ ಮೂರನ್ನು ಕೂಡಿಸಿ ನೋಡಿದರು: ರೋಗಿಯ ವಿವರಗಳ ಹಳೆಯ ಸೂತ್ರ, ಸೈಫ್ರಾದ ಅತಿಸೂಕ್ಷ್ಮ ಅಳತೆ, ಚಿತ್ರದ ಗಣಕ ಎಣಿಕೆ. ಕೂಡಿಸಿದ್ದು ಬರಿಯ ಸೂತ್ರಕ್ಕಿಂತ ಚೆನ್ನಾಗಿ ಬೇರ್ಪಡಿಸಿತು. ೨೦೨೩ರಲ್ಲಿ ಚೀನದ ಗ್ವಾಂಗ್‌ಝೌ ನಗರದ ವೈದ್ಯರು ಚಿತ್ರದ ಜೊತೆಗೆ ಡಿ.ಎನ್.ಎ.ಯ ಮೀಥೈಲ್ ಗುರುತುಗಳನ್ನು ಸೇರಿಸಿ ಇದೇ ಮಾತನ್ನು ಹೇಳಿದರು. ಹರಿಹರದ ಸ್ಥಳಪುರಾಣ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಗುಹಾಸುರನಿಗೆ ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರವಿತ್ತು. ಇಬ್ಬರೂ ಒಂದೇ ಮೂರ್ತಿಯಾಗಿ ಬಂದದ್ದನ್ನು ಅವನು ಎಣಿಸಿರಲಿಲ್ಲ.

ಆದರೆ ಪುರಾಣದಷ್ಟು ಸುಲಭವಾಗಿ ಇಲ್ಲಿ ಅಸುರ ಬೀಳನು. ಅಮೆರಿಕದ ಹಳೆಯ ಸೂತ್ರ ೧೯೯೭ರದು. ಅದರ ಪ್ರಕಾರ ಗಂಟು ಪುಪ್ಪುಸದ ಮೇಲ್ಭಾಗದಲ್ಲಿದ್ದರೆ ಕ್ಯಾನ್ಸರಿನ ಸಂಶಯ ಹೆಚ್ಚು. ನಮ್ಮಲ್ಲಿ ಮೇಲ್ಭಾಗವು ಕ್ಷಯದ ತವರುಮನೆ! ಆ ಸುಳಿವಿನ ಬೆಲೆ ಇಲ್ಲಿ ತಗ್ಗಿಹೋಗುತ್ತದೆ. ಸಕ್ಕರೆಯ ದ್ರಾವಣ ಕೊಟ್ಟು ತೆಗೆಯುವ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಕ್ಷಯದ ಗಂಟೂ ಹೊಳೆಯುತ್ತದೆ. ಅದರ ಅಂಚೂ ಕೆಲವೊಮ್ಮೆ ಮುಳ್ಳುಮುಳ್ಳು; ರಕ್ತದ ಗುರುತುಗಳನ್ನೂ ಅದು ಕೊಂಚ ಏರಿಸಬಲ್ಲುದು. ಬೇರೆ ಬೇರೆ ಮಾತೃಕೆಗಳೆಂದು ನಂಬಿದ ಎರಡು ಪ್ರತಿಗಳನ್ನು ಒಬ್ಬನೇ ಲಿಪಿಕಾರ ತಿದ್ದಿದ್ದರೆ ಹೇಗೋ, ಹಾಗೆ. ಅಮೆರಿಕದ ಪುಪ್ಪುಸಗಳನ್ನು ನೋಡಿ ಪಾಠ ಕಲಿತ ಯಂತ್ರ, ದಾವಣಗೆರೆಯ ಅರಳೆ ಗಿರಣಿಯಲ್ಲಿ ದುಡಿದವನ, ಮಂಡಕ್ಕಿ ಭಟ್ಟಿಯ ಹೊಗೆ ಕುಡಿದವನ, ಫೌಂಡ್ರಿಯ ಮರಳಿನ ಧೂಳು ನುಂಗಿದವನ ಎದೆಯನ್ನು ಓದಬಲ್ಲುದೆಂದು ಹೇಗೆ ಹೇಳುವುದು? ಮರಳಿನ ಧೂಳು ತಾನೇ ಪುಪ್ಪುಸದಲ್ಲಿ ಗಂಟು ಕಟ್ಟಿಸುತ್ತದೆ.

ರಕ್ತಪರೀಕ್ಷೆಯ ಹೆಸರಿನಲ್ಲಿ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ ಎಂಬುದೂ ನೆನಪಿರಲಿ. ಕ್ಷಯವನ್ನು ರಕ್ತದಲ್ಲಿ ಕಂಡುಹಿಡಿಯುತ್ತೇವೆಂದು ಹೇಳುವ ಪರೀಕ್ಷೆಗಳು ನಮ್ಮ ದೇಶದ ಖಾಸಗಿ ಪ್ರಯೋಗಶಾಲೆಗಳಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ನಡೆಯುತ್ತಿದ್ದುವು. ಇಲ್ಲದವರಿಗೆ ಇದೆಯೆಂದೂ ಇದ್ದವರಿಗೆ ಇಲ್ಲವೆಂದೂ ಅವು ಹೇಳುತ್ತಿದ್ದುದರಿಂದ ವಿಶ್ವ ಆರೋಗ್ಯ ಸಂಸ್ಥೆ ೨೦೧೧ರಲ್ಲಿ ಬೇಡವೆಂದಿತು. ೨೦೧೨ರ ಜೂನ್ ತಿಂಗಳಲ್ಲಿ ಭಾರತ ಸರ್ಕಾರ ಅವುಗಳ ತಯಾರಿಕೆ, ಆಮದು, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ಇನ್ನೊಂದು ಕಡೆ, ಕ್ಷಯಕ್ಕಾಗಿ ಎಕ್ಸ್‌ರೇ ಓದುವ ಗಣಕಬುದ್ಧಿಯನ್ನು ಹದಿನೈದು ವರ್ಷ ಮೇಲ್ಪಟ್ಟವರ ತಪಾಸಣೆಗೆ ಬಳಸಬಹುದೆಂದು ಅದೇ ಸಂಸ್ಥೆ ೨೦೨೧ರಲ್ಲಿ ಒಪ್ಪಿತು. ಇದನ್ನು ಒಪ್ಪಿದ್ದಕ್ಕೂ ಅದನ್ನು ತಳ್ಳಿದ್ದಕ್ಕೂ ಆಧಾರ ಒಂದೇ, ನಾನಾ ದೇಶಗಳ ಜನರ ಮೇಲೆ ಮಾಡಿ ನೋಡಿದ ಪರೀಕ್ಷೆ.

ಆದುದರಿಂದ ಯಂತ್ರ ಬೇಡವೆನ್ನುವುದು ನನ್ನ ಮಾತಲ್ಲ. ಯಂತ್ರಕ್ಕೆ ನಮ್ಮ ಪಾಠವನ್ನೂ ಕಲಿಸಬೇಕು. ದಾವಣಗೆರೆಯಲ್ಲಿ ೧೯೬೫ರಿಂದ ವೈದ್ಯಕೀಯ ಕಾಲೇಜು ಇದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಸುತ್ತಲ ತಾಲ್ಲೂಕುಗಳ ಜನ ಬರುತ್ತಾರೆ. ಇಂಥ ಕಡೆಗಳಲ್ಲಿ ತೆಗೆದ ಚಿತ್ರ, ಅದೇ ದಿನದ ರಕ್ತ, ಎರಡು ವರ್ಷದ ಮೇಲೆ ತಿಳಿದ ನಿಜ, ಈ ಮೂರನ್ನು ರೋಗಿಯ ಒಪ್ಪಿಗೆ ಪಡೆದು, ಹೆಸರು ಮರೆಸಿ, ಒಂದೆಡೆ ಕೂಡಿಸಿಟ್ಟರೆ ಕ್ಷಯವನ್ನೂ ಕ್ಯಾನ್ಸರನ್ನೂ ಬೇರ್ಪಡಿಸುವ ಪಾಠ ಅದರಿಂದ ಹೊರಡಬಹುದು. ಬೆಂಗಳೂರಿನವರು ತುಮಕೂರಿನ ಹಳ್ಳಿಗಳಿಂದ ಕಲಿತದ್ದೂ ಹೀಗೆಯೇ. ದುಡ್ಡು ಬೇಕು, ತಾಳ್ಮೆ ಅದಕ್ಕಿಂತ ಹೆಚ್ಚು ಬೇಕು.

ಅಲ್ಲಿಯವರೆಗೆ ಗಂಟು ಕಂಡವರು ಏನು ಮಾಡಬೇಕು? ೬ ಮಿಲಿಮೀಟರಿಗಿಂತ ಚಿಕ್ಕದಾದ ಗಟ್ಟಿಗಂಟು, ಬೀಡಿ ಮೊದಲಾದ ಅಪಾಯಗಳಿಲ್ಲದವರಲ್ಲಿ ಕಂಡರೆ ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಮಾಡಿಸಬೇಕಾಗಿಲ್ಲವೆಂದು ೨೦೧೭ರ ಫ್ಲೈಶ್ನರ್ ಸಂಘದ ಸೂಚನೆ. ದೊಡ್ಡದಾದರೆ ವೈದ್ಯರು ಹೇಳಿದ ತಿಂಗಳಿಗೆ ತಪ್ಪದೆ ಹೋಗಬೇಕು. ಕ್ಷಯದ ಔಷಧಿ ಕೊಟ್ಟರೆ, ಕಫದಲ್ಲೋ ತುಣುಕಿನಲ್ಲೋ ರೋಗಾಣು ಕಂಡಿತೇ ಎಂದು ವಿನಯದಿಂದ ಕೇಳಬೇಕು. ಕಂಡಿಲ್ಲವಾದರೆ ಎಷ್ಟು ವಾರಕ್ಕೆ ಮತ್ತೆ ಚಿತ್ರ ತೆಗೆಯುವಿರೆಂದೂ ಕೇಳಬೇಕು. ರಕ್ತಪರೀಕ್ಷೆಯೊಂದರಿಂದಲೇ ಕ್ಯಾನ್ಸರ್ ಹೌದು ಅಲ್ಲವೆಂದು ಹೇಳುತ್ತೇವೆಂಬ ಜಾಹೀರಾತಿಗೆ ಹಣ ಕಟ್ಟಬಾರದು.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಐದು ವರ್ಷದ ಹಿಂದಿನ ಚಿತ್ರದಲ್ಲೂ ಗಂಟು ಅಷ್ಟೇ ಗಾತ್ರದಲ್ಲಿ ಇತ್ತೆಂದು ತಿಳಿದರೆ ಸೂಜಿ, ಶಸ್ತ್ರ, ಬೆಂಗಳೂರಿನ ಪ್ರಯಾಣ ಎಷ್ಟೋ ವೇಳೆ ಉಳಿಯುತ್ತದೆ. ಯಾವ ಗಣಕಬುದ್ಧಿಯೂ ಹಳೆಯ ಚಿತ್ರದಷ್ಟು ಅಗ್ಗದ ಸಾಕ್ಷಿಯನ್ನು ಕೊಡಲಾರದು. ಆದರೆ ನಮ್ಮ ಮನೆಗಳಲ್ಲಿ ಹಳೆಯ ಎಕ್ಸ್‌ರೇ ಹಾಳೆಗಳು ಒಡೆದ ಕಿಟಕಿಗೆ ಮುಚ್ಚಳವಾಗುತ್ತವೆ, ಇಲ್ಲವೆ ಗ್ರಹಣದ ದಿನ ಮಕ್ಕಳ ಕೈಗೆ ಹೋಗುತ್ತವೆ. ಗ್ರಹಣ ನೋಡಲು ಅವು ಕಣ್ಣಿಗೆ ಕೇಡು. ತಾರೀಖು ಬರೆದು, ಸ್ಕ್ಯಾನಿನ ಸಿ.ಡಿ. ಮತ್ತು ವರದಿಯ ಸಮೇತ, ಜಮೀನಿನ ಪಹಣಿ ಇಡುವ ಟ್ರಂಕಿನಲ್ಲಿಯೇ ಅವನ್ನೂ ಇಡಿ. ಆಸ್ಪತ್ರೆಗೆ ಹೋಗುವಾಗ ಮರೆಯದೆ ಜೊತೆಗೆ ಒಯ್ಯಿರಿ.